ಬರ್ರಿ, ಬರೀರಿ, ಹೋಗ್ರಿ

ಹೆಸರು ಕೇಳೂದಿಲ್ಲ, ಫೀ ಇಲ್ಲ, ಚಪ್ಪಲಿ ಬಿಡೂದೂ ಬ್ಯಾಡ.
ಹನ್ನೊಂದರಿಂದ ನಾಕರ ತನಕ ಯಾವಾಗರ ಬರ್ರಿ,
ನಗಿ ಬರೂವಂಥ ಚಿತ್ರ ಒಂದು ಬರೀರಿ, ಹೋಗ್ರಿ.
ಮುಗ್ಧಾ ಮೇಡಂ ಮರಾಠಿಯೊಳಗ ಬೋರ್ಡು ಬರದಾರ.
ಕನ್ನಡದಾಗ ಬಾಯಿಲೆ ಹೇಳೂ ಕೆಲಸ ನಂದು.

ಸೋಲಾಪುರದ ಮೇ ತಿಂಗಳು, ಮೂರು ಖೋಲಿಯ ಮ್ಯೂಸಿಯಂ.
ಫ್ಯಾನು ತಿರುಗೂದು ಒಂದ ಖೋಲಿಯೊಳಗ,
ಅದಕ್ಕ ಮೇಜು ಅಲ್ಲೇ, ವೀರಗಲ್ಲಿನ ಮುಂದ.
ಮೇಜಿನ ಮ್ಯಾಲ ಮೂರು ಚೌಕ ಹಾಕಿದ ಹಾಳಿ,
ಟೊಪಗಿ ಕಳಕೊಂಡ ಸ್ಕೆಚ್ ಪೆನ್ನು.

ಮೊದಲು ಬಂದವ ಗಜ್ಜಂ ತಾತ. ಚಾದರ ಕಾರಖಾನೆಯೊಳಗ
ಮೂವತ್ತು ವರ್ಷ ನವಿಲು ನೇಯ್ದವ,
ನೆರಳಿಗಂತ ಒಳಗ ಬಂದವ. ನವಿಲೇ ಬರೆದ:
ಎಡಕ್ಕೊಂದು, ಬಲಕ್ಕೊಂದು, ನಡುವ ಹೂಕುಂಡ.
"ನಗಿ ಎಲ್ಲೈತ್ರಿ ತಾತಾ?"
"ಇನ್ನ ನಾಕ ನೂರು ಬರೀತೀನಿ, ಆಮ್ಯಾಲ ಬರ್ತದ."

ಆಮ್ಯಾಲ ಹುಡುಗರು, ಬಿಸಲಾಗ ಕೆಂಪಾಗಿ.
ಕಲ್ಲಿನ್ಯಾಗ ಮೂರು ಪಟ್ಟಿ:
ತಳದಾಗ ಆಕಳ ಹಿಂಡು, ಕತ್ತಿ, ಬಿದ್ದವರು.
ನಡುವ ಅಪ್ಸರೆಯರು, ಒಬ್ಬನ್ನ ಎತ್ತಿಕೊಂಡು.
ಮ್ಯಾಲ ಶಿವ, ನಂದಿ, ಕೈ ಮುಗಿದು ಕೂತ ಅವನ.
"ಇದು ಮೊದಲ ಕಾಮಿಕ್ಸ್ ಐತಲ್ಲ!" ಅಂದ ತೌಸೀಫ.
"ಹೌದು, ಕೆಳಗಿಂದ ಮ್ಯಾಲ ಓದಬೇಕು" ಅಂದ್ರು ಮೇಡಂ.

ನಾ ಗಪ್ಪಾದೆ.
ಹನ್ನೊಂದು ವರ್ಷ ಇದರ ಬಾಜೂ ಸ್ಟೂಲಿನ ಮ್ಯಾಲ ಕೂತು
ನಾ ಓದಿದ್ದು ಮ್ಯಾಲಿಂದ.
ದೇವರ ಕಡೆ ಒಬ್ಬ ಆರಾಮ ಕೂತಿದ್ದ,
ಹೆಣ್ಮಕ್ಕಳು ಬಂದು ಎತ್ತಿ ತಂದು ಕೆಳಗ ಇಳಿಸಿದ್ರು,
ಇಳಿದು ನೋಡಿದ್ರ ದನ, ಜಗಳ, ಬಡಿದಾಟ.
ಹುಟ್ಟೂದು ಅಂದ್ರ ಇದು ಅಂತ ತಿಳಿದಿದ್ದೆ.
ಖರೆ ಹೇಳ್ಲಿ? ಈಗೂ ಸ್ವಲ್ಪ ಹಂಗ ಅನ್ನಸ್ತದ.

ಹುಡುಗರಿಗೆ ಎಲ್ಲಿ ತಡ.
ತೌಸೀಫನ ಅಪ್ಸರೆ: "ಎಷ್ಟು ರೊಟ್ಟಿ ತಿಂದಾನವಾ ಇಂವ, ನನ್ನ ರಟ್ಟಿ ಬಿದ್ವು!"
ಅವನ ತಂಗಿಯ ನಂದಿ: "ಅಣ್ಣಾ ಸರಿ, ಫೋಟೋದಾಗ ನಾನೂ ಬರಬೇಕು."
ಆಕಳ ಬಾಯಿಗೆ ಬಂದಾಗ ಜಗಳ ಹತ್ತಿತು.
ನಮ್ಮ ಆಕಳು ಅಂಬಾ ಅಂತದ, ಮರಾಠಿದು ಹಂಬಾ.
ಹಂಗಾರ ಇದು, ಇಷ್ಟು ಹಳೇದು, ಏನಂದಿತ್ತು?
ತಳದಾಗ ಎರಡು ಸಾಲು ಅಕ್ಷರ.
ನಾಕನೇ ಇಯತ್ತೆ ಕನ್ನಡ ಸಾಲಿ ನಂದು.
ಬೆರಳು ಗಾಳಿಯೊಳಗ ಇಟ್ಟು, ಕಲ್ಲಿಗೆ ತಾಕಿಸದ, ಓದಿದೆ.
ಒಂದು 'ಗ' ಸಿಕ್ಕಿತು. ಒಂದು 'ರ'. ಮುಂದ ಸಿಮೆಂಟು.
"ಗುರ್ ಅಂದಿರಬೇಕು!"
"ಲೇ, ಅದು ನಾಯಿ."

ಭಾಗ್ಯವಂತಿ ಅಂತ ಒಂಬತ್ತು ವರ್ಷದ ಹುಡುಗಿ,
ಮಾತಿಲ್ಲ ಕತಿಯಿಲ್ಲ, ಮೊಣಕೈ ಮರಿ ಮಾಡಿ ಬರೀತಿದ್ದಳು.
ನಾಕಕ್ಕ ಐದು ಮಿನಿಟು ಇದ್ದಾಗ ತೋರಿಸಿದಳು.
ತಳದ ಚೌಕದಾಗ ನಾನು: ಸ್ಟೂಲು, ಬೀಗದ ಗೊಂಚಲು,
ಮಾರಿಗಿಂತ ದೊಡ್ಡ ಮೂಗುಬಟ್ಟು. "ಮುಟ್ಟಬ್ಯಾಡ್ರಿ!"
ನಡುವಿನ ಚೌಕದಾಗ ಅಪ್ಸರೆಯರು
ಸ್ಟೂಲು ಸಮೇತ ನನ್ನ ಎತ್ಯಾರ.
ಅವರಿಗೂ ನಾ, "ಮುಟ್ಟಬ್ಯಾಡ್ರಿ!"
ಮ್ಯಾಲಿನ ಚೌಕದಾಗ ಶಿವ ಗಾಬರ್‍ಯಾಗಿ
ಎರಡೂ ಕೈ ಬೆನ್ನ ಹಿಂದ ಇಟಗೊಂಡಾನ.
ನನ್ನ ಬಾಯಿ ತಗದೈತಿ. ಮಾತಿನ ಗುಳ್ಳಿ ಖಾಲಿ.

"ಇಲ್ಲಿ ಏನಂತೀನಿ ನಾ?"
"ನೀವ ಬರೀರಿ ಆಂಟಿ. ಅಲ್ಲಿ ಹೋದಾಗ ನೀವೇನಂತೀರಿ
ನನಗ ಹೆಂಗ ಗೊತ್ತು?"

ಪೆನ್ನು ಒಣಗಿತ್ತು. ತುದಿ ನಾಲಿಗಿಗೆ ಹಚ್ಚಿ,
ಬಾಳ ದಿವಸದ ಮ್ಯಾಲ, ಸಹಿ ಬಿಟ್ಟು ಬ್ಯಾರೆ ಏನರ ಬರೆದೆ:
"ನಾಕಾತು. ಬಾಗಲಾ ಹಾಕ್ತೀನಿ."
ಹುಡುಗಿ ಬಿದ್ದು ಬಿದ್ದು ನಕ್ಕಳು.
ನನ್ನ ನಾಲಿಗಿ ಎರಡು ದಿನ ನೀಲಿ.

ಮಂಗಳವಾರ ಸಾಹೇಬರು ಗ್ವಾಡಿ ನೋಡಿ ಕೇಳಿದ್ರು,
ಯಾರು ಬರದದ್ದು ಇದು?
ಯಾರೋ, ಬಂದು ಹೋದವರು, ಅಂದೆ.
ಕಲ್ಲಿನ್ಯಾಗಿನವರನ್ನ ಕೇಳಿದ್ರೂ ಅಷ್ಟ ಹೇಳ್ತಿದ್ದೆ.

ಮೂರೂವರಿಗೆ ಗಜ್ಜಂ ತಾತ ಮತ್ತ ಬಂದ.
ಮೇಜಿಲ್ಲ, ಹಾಳಿಯಿಲ್ಲ, ಮೇಡಂ ಪುಣೆಗೆ ಹೋಗ್ಯಾರ.
ಸ್ಟೂಲಿನ ಬಾಜೂ ನೆಲಕ್ಕ ಕೂತು, ಬೆವರು ಒರಸಿಕೊಂಡು,
"ನಾಕ ನೂರು ಉಳದಾವಲ್ಲವಾ" ಅಂದ.
ಆಗ ಬಂತು ನೋಡ್ರಿ.